ಬಿದ್ದ ಗೋಡೆಗಳ ಸೀಮೆಯಿಂದ: ಮನೆವಿಮೆಯ ಲೆಕ್ಕಾಚಾರ

(ಮಳೆಗಾಲಕ್ಕೆ ಮುನ್ನ ನಮ್ಮ ಬಳಗವು ಹಳ್ಳಿಗರಿಗಾಗಿ ಮತ್ತು ವಿದ್ಯಾರ್ಥಿಗಳಿಗಾಗಿ ನಡೆಸಿದ ಶಿಬಿರದಲ್ಲಿ ಮಸ್ಕಿ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ.)



ಬಯಲುಸೀಮೆಯವನೊಬ್ಬ ಘಟ್ಟದ ಊರಿಗೆ ಬಂದು ಮಳೆಯ ಕುರಿತು ಮಾತನಾಡುವುದು ಕುಂಬಾರನ ಮನೆಗೆ ಗಡಿಗೆ ಹೊತ್ತೊಯ್ದಂತೆ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ನಿಮ್ಮ ಆಗುಂಬೆಯಲ್ಲಿ ಅಷ್ಟು ಮಳೆ ಆಷಾಢದ ಒಂದೇ ವಾರದಲ್ಲಿ ಸುರಿದು ಹೋದೀತು. ಆದಾಗ್ಯೂ ನಿಮ್ಮ ಸಂಘಟಕರು ನನ್ನನ್ನು ಕರೆಸಿದ್ದಕ್ಕೆ ಕಾರಣವಿದೆ. ಮಳೆ ಕಡಿಮೆಯಿರುವ ನಾಡಿನಲ್ಲಿ ಮಳೆಯಿಂದ ಮನೆಗಳು ಬಿದ್ದ ಬಗೆಯನ್ನು, ಬಿದ್ದ ಮೇಲೆ ಹಣ ಎಲ್ಲಿಂದ ಬಂತು, ಎಲ್ಲಿಂದ ಬರಲಿಲ್ಲ ಎಂಬುದನ್ನು ಹತ್ತಿರದಿಂದ ಕಂಡವರಲ್ಲಿ ನಾನೂ ಒಬ್ಬ. ಇತ್ತೀಚಿನ ವರ್ಷಗಳಲ್ಲಿ ನಿಮ್ಮ ಗುಡ್ಡಗಳೂ ಜರಿಯತೊಡಗಿವೆ. ಆದ್ದರಿಂದ ನಮ್ಮ ಅನುಭವ ನಿಮಗೆ ಉಪಯೋಗಕ್ಕೆ ಬಂದೀತು.

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳ ಸ್ವರೂಪವನ್ನು ಮೊದಲು ಹೇಳಬೇಕು. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಭತ್ತದ ಗದ್ದೆ, ಅಕ್ಕಿ ಗಿರಣಿ, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಪೂರ್ವ ಬಂಗಾಲದಿಂದ ನಿರಾಶ್ರಿತರಾಗಿ ಬಂದವರ ಕ್ಯಾಂಪುಗಳು. ಲಿಂಗಸುಗೂರಿನ ಉತ್ತರದ ಅಂಚಿನಲ್ಲಿ ಕೃಷ್ಣೆ, ಅಲ್ಲಿ ಜಲದುರ್ಗ ಮತ್ತು ನಡುಗಡ್ಡೆಯ ಹಳ್ಳಿಗಳು. ಹಟ್ಟಿಯ ಚಿನ್ನದ ಗಣಿಯೂ ಅದೇ ತಾಲ್ಲೂಕಿನಲ್ಲಿದೆ. ಮಸ್ಕಿ ಮೊನ್ನೆ ಮೊನ್ನೆ ತಾಲ್ಲೂಕಾದ ಊರು, ಆದರೆ 1915ರಲ್ಲಿ ಅಲ್ಲಿ ಸಿಕ್ಕ ಶಾಸನದಿಂದಾಗಿ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಜಗತ್ತಿಗೆ ಖಚಿತವಾಯಿತು. ಆ ಬಂಡೆಗೆ ಯಾವ ವಿಮೆಯೂ ಬೇಕಾಗಿಲ್ಲ. ಅದರ ಕೆಳಗಿನ ಮನೆಗಳ ಮಾತು ಬೇರೆ.

ನಮ್ಮ ಕಡೆಯ ಹಳೆಯ ಮನೆಯೆಂದರೆ ಮಾಳಿಗೆ ಮನೆ. ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆ. ಅದರ ಮೇಲೆ ಬೇವಿನದೋ ಜಾಲಿಯದೋ ತೊಲೆ. ತೊಲೆಯ ಮೇಲೆ ಜಂತಿ. ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ ಹರಡಿ ಮಣ್ಣು. ಎಲ್ಲಕ್ಕೂ ಮೇಲೆ ನೀರು ಇಳಿಯದಂತೆ ಚೌಳು ಮಣ್ಣಿನ ಹೊದಿಕೆ. ಬೇಸಗೆಯಲ್ಲಿ ಇಂಥ ಮನೆಯೊಳಗೆ ಕುಳಿತವನಿಗೆ ಮಾತ್ರ ಅದರ ಬೆಲೆ ಗೊತ್ತು. ಒಂದು ಹದ ಮಳೆ, ಎರಡು ದಿನ ಬಿಸಿಲು ಎಂಬ ಲೆಕ್ಕಕ್ಕೆ ಈ ಮನೆ ಕಟ್ಟಲ್ಪಟ್ಟಿದೆ. ಬಿಡದೆ ನಾಲ್ಕು ದಿನ ಮಳೆ ಹಿಡಿದರೆ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಗೋಡೆಯ ಬುಡದ ಮಣ್ಣು ಮೆತ್ತಗಾಗುತ್ತದೆ. ಮೇಲಿನ ಭಾರ ಹೆಚ್ಚಿ ಕೆಳಗಿನ ಬಲ ಕುಗ್ಗಿದಾಗ ಮನೆ ಕೂತುಬಿಡುತ್ತದೆ. ಎಷ್ಟೋ ಮನೆಗಳು ಮಳೆ ಸುರಿಯುವಾಗ ಬೀಳುವುದಿಲ್ಲ, ಮಳೆ ನಿಂತು ಬಿಸಿಲು ಬಿದ್ದ ಮೇಲೆ ಬೀಳುತ್ತವೆ. ಜನ ಒಳಗೆ ಹೋಗಿ ಒಲೆ ಹಚ್ಚಿದ ಮೇಲೆ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆ ಅಕ್ಟೋಬರ್ 2ರವರೆಗೂ ಬಿಡಲಿಲ್ಲ. ಗಾಂಧೀ ಜಯಂತಿಯ ದಿನ ತುಂಗಭದ್ರೆಯು ಮಂತ್ರಾಲಯದ ಮಠದೊಳಕ್ಕೆ ನುಗ್ಗಿದ್ದನ್ನು ನೀವೂ ಪತ್ರಿಕೆಗಳಲ್ಲಿ ನೋಡಿರಬಹುದು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಮನೆಗಳಿಗೆ ಹಾನಿಯಾಯಿತು. ಸತ್ತವರಲ್ಲಿ ಹಲವರು ಹೊಳೆಯಲ್ಲಿ ಕೊಚ್ಚಿ ಹೋದವರಲ್ಲ, ತಮ್ಮದೇ ಮನೆಯ ಗೋಡೆ ಮೈಮೇಲೆ ಬಿದ್ದು ಹೋದವರು.

ಲಿಂಗಸುಗೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಅಕ್ಕನ ಮನೆಯಿತ್ತು. ಮುಂದೆ ಮಾಳಿಗೆ, ಹಿಂದೆ ನನ್ನ ಅಳಿಯ ಬ್ಯಾಂಕಿನ ಸಾಲ ತೆಗೆದು ಕಟ್ಟಿಸಿದ ಎರಡು ಕಾಂಕ್ರೀಟು ಕೋಣೆ. ಮಳೆಯ ಮೂರನೆಯ ರಾತ್ರಿ ಅವರು ಶಾಲೆಯಲ್ಲಿ ಮಲಗಿದ್ದರಿಂದ ಜೀವ ಉಳಿಯಿತು. ಬೆಳಿಗ್ಗೆ ಮಾಳಿಗೆ ಇರಲಿಲ್ಲ. ಅದರ ತೊಲೆ ಬಡಿದು ಹಿಂದಿನ ಕೋಣೆಯ ಗೋಡೆಯೂ ಬಾಯಿಬಿಟ್ಟಿತ್ತು. ಸಾಲ ಕೊಡುವಾಗ ಬ್ಯಾಂಕಿನವರು ವಿಮೆಯೆಂದು ಹಣ ಹಿಡಿದುಕೊಂಡಿದ್ದು ಅಳಿಯನಿಗೆ ನೆನಪಿತ್ತು. ರಸೀದಿ ಹುಡುಕಿ ನಾವಿಬ್ಬರೂ ಹೋದೆವು. ಆ ಕಾಗದವನ್ನು ತಿರುಗಿಸಿ ನೋಡಿದ ಗುಮಾಸ್ತರು, "ಇದು ಮನಿಗೆ ಇಳಿಸಿದ ವಿಮಾ ಅಲ್ರಿ, ನಿಮ್ಮ ಜೀವಕ್ಕ ಇಳಿಸಿದ್ದು. ನೀವು ಹೋದ್ರ ಸಾಲ ತೀರತದ" ಎಂದರು. ಮನೆಗೆ ಬಂದು ಅಕ್ಕನಿಗೆ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ತಮ್ಮಾ, ನನ್ನ ಮಗ ಗ್ವಾಡಿ ಕೆಳಗ ಸಿಕ್ಕಿದ್ರ ರೊಕ್ಕ ಬರ್ತಿತ್ತು, ಬರೇ ಗ್ವಾಡಿ ಬಿದ್ರ ಬರಂಗಿಲ್ಲ ಅಂದಂಗಾತು" ಎಂದಳು.

ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿದ ನಾನು ಆ ರಸೀದಿಯನ್ನು ಮೊದಲೇ ಓದಿರಲಿಲ್ಲ. ಅಂದಿನಿಂದ ಓದಲು ಕುಳಿತೆ. ಈಗ ಹೇಳಹೊರಟಿರುವುದು ಹಾಗೆ ಕಲಿತದ್ದು.

ವಿಮೆಯ ಮೂಲತತ್ವ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಒಬ್ಬನ ಬಣವೆ ಸುಟ್ಟರೆ ಊರವರೆಲ್ಲ ಒಂದೊಂದು ಹೊರೆ ಮೇವು ಕೊಡುತ್ತಿದ್ದರು. ಅದನ್ನೇ ಮುಂಗಡವಾಗಿ, ಹಣದಲ್ಲಿ, ಪರಿಚಯವಿಲ್ಲದವರ ನಡುವೆ ಮಾಡಿದರೆ ವಿಮೆಯಾಗುತ್ತದೆ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಸಾವಿರ ಮನೆಗಳಿವೆ, ಪ್ರತಿಯೊಂದನ್ನು ಕಟ್ಟಲು 5 ಲಕ್ಷ ರೂಪಾಯಿ ಬೇಕು, ವರ್ಷಕ್ಕೆ ಸರಾಸರಿ ಒಂದು ಮನೆ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಎಲ್ಲರೂ 500 ರೂಪಾಯಿ ಹಾಕಿದರೆ ಬಿದ್ದ ಮನೆ ಏಳುತ್ತದೆ. ನಡೆಸುವವರ ಖರ್ಚು, ಲಾಭ, ತೆರಿಗೆ ಸೇರಿ ಕಂತು ಇನ್ನಷ್ಟು ಆಗುತ್ತದೆ. ಆದರೆ ಇಲ್ಲೊಂದು ಷರತ್ತು ಅಡಗಿದೆ: ಸಾವಿರ ಮನೆಗಳೂ ಒಂದೇ ರಾತ್ರಿ ಬೀಳಬಾರದು. 2009ರಲ್ಲಿ ಆದದ್ದು ಅದೇ. ಒಂದೇ ಹಳ್ಳಿಯ, ಒಂದೇ ತಾಲ್ಲೂಕಿನ ಜನ ಸೇರಿ ಮಾಡಿಕೊಂಡ ಯಾವ ನಿಧಿಯೂ ಅಂಥ ರಾತ್ರಿಯನ್ನು ತಾಳಲಾರದು. ಆದ್ದರಿಂದಲೇ ವಿಮೆಗೆ ದೊಡ್ಡ ಬಳಗ ಬೇಕು. ಆ ಕಂಪನಿಯೂ ತನ್ನ ಹೊರೆಯ ಪಾಲನ್ನು ಇನ್ನೂ ದೊಡ್ಡ ಮರುವಿಮಾ ಸಂಸ್ಥೆಗಳಿಗೆ ದಾಟಿಸುತ್ತದೆ.

ಇತಿಹಾಸದಲ್ಲಿಯೂ ಇದು ಬೆಂಕಿಯಿಂದ ಹುಟ್ಟಿದ ವಿದ್ಯೆ. 1666ರಲ್ಲಿ ಲಂಡನ್ ಸುಟ್ಟಿತು. 1681ರ ಹೊತ್ತಿಗೆ ನಿಕೊಲಸ್ ಬಾರ್ಬನ್ ಎಂಬಾತ ಅಲ್ಲಿ ಮನೆಗಳಿಗೆ ಅಗ್ನಿವಿಮೆ ಮಾರತೊಡಗಿದ್ದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು 1752ರಲ್ಲಿ ಪರಸ್ಪರ ನೆರವಿನ ವಿಮಾ ಸಂಘ ಕಟ್ಟಿದರು. ಮರಪ್ರಿಯರಾದ ನಿಮಗೆ ಇದರ ಮುಂದಿನ ಕಥೆ ಹೇಳಲೇಬೇಕು. ಮನೆಯ ಮುಂದೆ ಮರವಿದ್ದರೆ ಬೆಂಕಿ ಆರಿಸಲು ಅಡ್ಡಿ ಎಂದು ಆ ಸಂಘವು 1781ರಲ್ಲಿ ಮರಗಳಿರುವ ಮನೆಗಳನ್ನು ಕೈಬಿಟ್ಟಿತು. ಮರ ಕಡಿಯಲೊಲ್ಲದವರು 1784ರಲ್ಲಿ ಬೇರೆಯದೇ ಸಂಘ ಮಾಡಿಕೊಂಡು, ಮನೆಗಳ ಮೇಲೆ ಹಸಿರು ಮರದ ಗುರುತು ಹಾಕಿಸಿದರು. ವಿಮೆಯ ಷರತ್ತು ಊರಿನ ಮರಗಳ ಹಣೆಬರಹವನ್ನೂ ಬರೆಯಬಲ್ಲದು ಎಂಬುದನ್ನು ನೆನಪಿಡಿ.

ನಮ್ಮ ದೇಶದಲ್ಲಿ 1973ರ ಜನವರಿ 1ರಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಕಂಪನಿಗಳಾದವು. ಹೊಸ ಶತಮಾನದ ಆರಂಭದಿಂದ ಖಾಸಗಿಯವರೂ ಬಂದರು. ಆದರೂ ನಮ್ಮ ಜನ ವಿಮೆಯನ್ನು ತಿಳಿದದ್ದು ಬೆಳೆವಿಮೆಯ ಮೂಲಕ. ಸಿಂಧನೂರಿನ ಭತ್ತದ ರೈತನಿಗೂ ನಿಮ್ಮ ಅಡಿಕೆ, ಕಾಳುಮೆಣಸಿನ ರೈತನಿಗೂ ಅದರ ಪರಿಚಯವಿದೆ. ಅಲ್ಲಿಂದಲೇ ಒಂದು ತಪ್ಪು ತಿಳಿವಳಿಕೆಯೂ ಬಂದಿದೆ. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಸಾಮಾನ್ಯವಾಗಿ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯನ್ನು ನೋಡುತ್ತಾರೆ. ನಿಮ್ಮ ಅಡಿಕೆಗಿರುವ ಹವಾಮಾನ ಆಧಾರಿತ ವಿಮೆಯಲ್ಲಿ ಮಳೆಮಾಪಕದ ಅಂಕಿ ನೋಡುತ್ತಾರೆ. ನಿಮ್ಮ ಹೊಲಕ್ಕೆ ಯಾರೂ ಬರದೆಯೇ ಹಣ ಬರಬಹುದು, ಬಾರದೆಯೂ ಇರಬಹುದು. ಜೊತೆಗೆ ಕಂತಿನ ಬಹುಪಾಲನ್ನು ಸರ್ಕಾರ ತುಂಬುತ್ತದೆ. ಮನೆವಿಮೆಯಲ್ಲಿ ಇದಾವುದೂ ಇಲ್ಲ. ಕಂತು ಪೂರ್ತಿ ನಿಮ್ಮದೇ. ನೋಡುವುದು ನಿಮ್ಮ ಒಂದೇ ಮನೆಯನ್ನು. ನಷ್ಟವನ್ನು ತೋರಿಸಿಕೊಡುವ ಹೊಣೆಯೂ ನಿಮ್ಮದೇ.

ಇನ್ನು ವಿಷಯಕ್ಕೆ ಬರೋಣ. ಭಾರತೀಯ ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಮನೆಗಳಿಗಾಗಿ ಒಂದೇ ಬಗೆಯ ಪಾಲಿಸಿಯನ್ನು ಜಾರಿಗೆ ತಂದಿತು. ಇದರ ಹೆಸರು ಭಾರತ್ ಗೃಹ ರಕ್ಷಾ. ಯಾವ ಕಂಪನಿಯಿಂದ ಕೊಂಡರೂ ಮೂಲ ಷರತ್ತುಗಳು ಒಂದೇ, ಕಂತು ಮಾತ್ರ ಬೇರೆ ಬೇರೆ. ಇದಕ್ಕೆ ಮುನ್ನ ಒಬ್ಬೊಬ್ಬರ ಕಾಗದ ಒಂದೊಂದು ರೀತಿ ಇರುತ್ತಿತ್ತು. ಈಗ ಒಂದನ್ನು ಓದಿ ಅರ್ಥಮಾಡಿಕೊಂಡರೆ ಎಲ್ಲವನ್ನೂ ಓದಿದಂತೆ. ಇದು ನಿಜಕ್ಕೂ ಒಳ್ಳೆಯ ಕೆಲಸ, ಮೆಚ್ಚಲೇಬೇಕು.

ಈ ಪಾಲಿಸಿಯ ತರ್ಕವನ್ನು ಹಿಡಿಯಲು ಒಂದು ಮಾತು ಸಾಕು: ಅದು ಹೆಸರಿಸಿದ ಅಪಾಯಗಳಿಗೆ ಮಾತ್ರ ಹಣ ಕೊಡುತ್ತದೆ. ಮನೆ ಬಿತ್ತು ಎಂದರೆ ಸಾಲದು, ಯಾವುದರಿಂದ ಬಿತ್ತು ಎಂದು ಹೇಳಬೇಕು. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಜಲಾವೃತವಾಗುವುದು, ನೆಲ ಕುಸಿತ, ಭೂಕುಸಿತ, ಬಂಡೆ ಉರುಳುವುದು, ಕಾಡ್ಗಿಚ್ಚು, ಹೊರಗಿನ ವಸ್ತು ಬಂದು ಬಡಿಯುವುದು, ಗಲಭೆ, ನೀರಿನ ಟ್ಯಾಂಕು ಒಡೆಯುವುದು ಪಟ್ಟಿಯಲ್ಲಿವೆ. ಹೊರಗಿನ ವಸ್ತು ಎಂದರೆ ದಾರಿ ತಪ್ಪಿದ ಲಾರಿಯೂ ಆಗಬಹುದು, ಹೆಂಚಿನ ಮೇಲೆ ಉರುಳಿದ ಹಲಸಿನ ಮರವೂ ಆಗಬಹುದು. ಕಳ್ಳತನವನ್ನು ಮಾತ್ರ ಎಚ್ಚರದಿಂದ ಓದಿ: ಇಂಥ ಅನಾಹುತ ನಡೆದು, ಅದೇ ಕಾರಣದಿಂದ 7 ದಿನಗಳೊಳಗೆ ಕಳವಾದರೆ ಮಾತ್ರ ಪರಿಹಾರ. ಮದುವೆಗೆ ಹೋದಾಗ ಬೀಗ ಮುರಿದರೆ ಇದರಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ. ಶಾರ್ಟ್ ಸರ್ಕ್ಯೂಟ್‌ನಿಂದ ಟಿ.ವಿ. ಸುಟ್ಟರೆ ಆ ಟಿ.ವಿ.ಗೆ ಹಣವಿಲ್ಲ, ಅದರಿಂದ ಬೆಂಕಿ ಹಬ್ಬಿ ಮಾಡು ಸುಟ್ಟರೆ ಮಾಡಿಗೆ ಹಣವುಂಟು.

ಎಷ್ಟು ಮೊತ್ತಕ್ಕೆ ಇಳಿಸಬೇಕು? ಇಲ್ಲಿ ಸಿಂಧನೂರಿನ ಜನ ಎಡವುವುದನ್ನು ಕಂಡಿದ್ದೇನೆ. ಅಲ್ಲಿ ಪಟ್ಟಣದ ನಿವೇಶನದ ಬೆಲೆ ಮನೆಯ ಬೆಲೆಗಿಂತ ಹೆಚ್ಚು. ಮಾರಿದರೆ 40 ಲಕ್ಷ ಬರುವ ಮನೆಯನ್ನು 40 ಲಕ್ಷಕ್ಕೇ ಇಳಿಸಬೇಕೆಂದು ತಿಳಿಯುತ್ತಾರೆ. ನೆಲಕ್ಕೆ ವಿಮೆಯಿಲ್ಲ. ಮತ್ತೆ ಕಟ್ಟಲು ಬೇಕಾಗುವ ವೆಚ್ಚಕ್ಕೆ ಮಾತ್ರ ವಿಮೆ. ಮನೆಯ ಒಳವಿಸ್ತೀರ್ಣವನ್ನು ಈಗಿನ ಕಟ್ಟಡ ದರದಿಂದ ಗುಣಿಸಿ. 600 ಚದರ ಅಡಿ, ಅಡಿಗೆ 1,500 ರೂಪಾಯಿ ಎಂದು ಹಿಡಿದರೆ 9 ಲಕ್ಷ. ಕಟ್ಟಡಕ್ಕೆ ಇಳಿಸಿದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನುಗಳಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 1 ಲಕ್ಷ 80 ಸಾವಿರ. ಚಿನ್ನ ಬೆಳ್ಳಿಯನ್ನು ಮಾತ್ರ ಬೇರೆಯಾಗಿ ಹೇಳಿ ಸೇರಿಸಬೇಕು. ಬಾಡಿಗೆಗಿರುವವರು ಕಟ್ಟಡ ಬಿಟ್ಟು ಸಾಮಾನಿಗಷ್ಟೇ ಇಳಿಸಬಹುದು. ಕಟ್ಟಡದ ಮೊತ್ತ ವರ್ಷ ವರ್ಷ ಶೇ. 10ರಂತೆ ತಾನೇ ಏರುವ ದೀರ್ಘಾವಧಿಯ ವ್ಯವಸ್ಥೆಯೂ ಇದರಲ್ಲಿದೆ.

ಹಳೆಯ ಪಾಲಿಸಿಗಳಲ್ಲಿ ಸರಾಸರಿ ಷರತ್ತು ಎಂಬ ಮುಳ್ಳೊಂದಿತ್ತು. ವಿದ್ಯಾರ್ಥಿಗಳು ಬರೆದುಕೊಳ್ಳಿ, ಸುಲಭದ ತ್ರೈರಾಶಿಕ. ಕಟ್ಟಲು 10 ಲಕ್ಷ ಬೇಕಾದ ಮನೆಯನ್ನು ಕಂತು ಉಳಿಸಲೆಂದು 5 ಲಕ್ಷಕ್ಕೆ ಇಳಿಸಿದಿರಿ. ನಷ್ಟವಾದದ್ದು 2 ಲಕ್ಷ. 5 ಲಕ್ಷದೊಳಗೇ ಇದೆಯಲ್ಲ, ಪೂರ್ತಿ ಬಂದೀತು ಎಂದುಕೊಳ್ಳುತ್ತೀರಿ. ಬರುವುದು ಒಂದೇ ಲಕ್ಷ. ನೀವು ಅರ್ಧ ಮನೆಗಷ್ಟೇ ಕಂತು ಕಟ್ಟಿದ್ದೀರಿ, ಆದ್ದರಿಂದ ಪ್ರತಿ ನಷ್ಟದ ಅರ್ಧವಷ್ಟೇ ನಿಮ್ಮದು ಎಂಬ ವಾದ. ಗೃಹ ರಕ್ಷಾದಲ್ಲಿ ಈ ಷರತ್ತನ್ನು ಕೈಬಿಟ್ಟಿದ್ದಾರೆ. ಆದರೆ ಅಂಗಡಿ, ಗಿರಣಿಗಳ ಪಾಲಿಸಿಯಲ್ಲಿ ಅದು ಪೂರ್ತಿಯಾಗಿ ಹೋಗಿಲ್ಲ. ಪಡಸಾಲೆಯಲ್ಲಿ ಕಿರಾಣಿ ಅಂಗಡಿ ನಡೆಸುತ್ತ ಬರೀ ವಾಸದ ಮನೆಯೆಂದು ಬರೆಸುವವರು ಇದ್ದಾರೆ. ಹಾಗೆ ಮಾಡಬೇಡಿ. ಅರ್ಜಿಯಲ್ಲಿ ಮುಚ್ಚಿಟ್ಟ ಒಂದು ಸಂಗತಿ ಕ್ಲೇಮಿನ ದಿನ ಬಾಯಿ ತೆರೆಯುತ್ತದೆ.

ಈಗ ಮುಖ್ಯವಾದ ಮಾತು: ಯಾವುದಕ್ಕೆ ಹಣವಿಲ್ಲ? ಮನೆಯ ಗೋಡೆಯಲ್ಲಿ ಸಹಜವಾಗಿ ಬೀಳುವ ಬಿರುಕು, ತಳಪಾಯ ತಾನೇ ಕೂರುವುದು, ತುಂಬಿಸಿದ ಮಣ್ಣು ಸರಿಯುವುದು, ಹೊಳೆಯ ದಂಡೆ ಕೊರೆದು ಹೋಗುವುದು, ಕೆಟ್ಟ ವಿನ್ಯಾಸ, ಕೆಟ್ಟ ಸಾಮಗ್ರಿ ಇವೆಲ್ಲ ಹೊರಗೆ. ಈ ಒಂದು ವಾಕ್ಯದಲ್ಲಿ ನಮ್ಮ ಸೀಮೆಯ ಅರ್ಧ ಕಷ್ಟ ಹೊರಗುಳಿಯುತ್ತದೆ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಸೀಳುತ್ತದೆ, ಆ ಸೀಳಿನಲ್ಲಿ ಕೈ ಹೋಗುತ್ತದೆ. ಅದರ ಮೇಲೆ ಕಟ್ಟಿದ ಕಾಂಕ್ರೀಟು ಮನೆಯೂ ಐದಾರು ವರ್ಷಕ್ಕೆ ಬಿರುಕು ಬಿಡುತ್ತದೆ. ಅದು ನೆಲದ ಗುಣ, ಅಪಘಾತವಲ್ಲ ಎನ್ನುತ್ತದೆ ವಿಮೆ. ಹಾಗೆಯೇ, ಬಿರುಗಾಳಿಯೂ ಇಲ್ಲದೆ, ನೆರೆಯೂ ಬಾರದೆ, ಸುಮ್ಮನೆ ಜಿಟಿಜಿಟಿ ಮಳೆಗೆ ನೆನೆದು ಕುಸಿದ ಮಣ್ಣಿನ ಗೋಡೆ ಯಾವ ಅಪಾಯದಡಿ ಬರುತ್ತದೆ ಎಂಬುದು ದೊಡ್ಡ ತಕರಾರಿನ ವಿಷಯ. ನನ್ನ ಅಕ್ಕನ ಮಾಳಿಗೆಗೆ ಅಂದು ಮನೆವಿಮೆಯೇ ಇದ್ದಿದ್ದರೂ ಹಣ ಸರಾಗವಾಗಿ ಬರುತ್ತಿತ್ತೆಂದು ನಾನು ಎದೆ ತಟ್ಟಿ ಹೇಳಲಾರೆ.

ನಿಮ್ಮ ಕಡೆಗೆ ತಿರುಗುತ್ತೇನೆ. ಭೂಕುಸಿತ ಪಟ್ಟಿಯಲ್ಲಿದೆ ಎಂದು ಕೇಳಿ ನಿಮಗೆ ಸಮಾಧಾನವಾಗಿರಬಹುದು. ಅದೇ ಕಲಮಿನ ಕೊನೆಯ ಸಾಲು ಓದಿ. ಕಟ್ಟಡ ಕೆಡವುವುದು, ಕಟ್ಟುವುದು, ನೆಲ ಅಗೆಯುವುದು, ಮಣ್ಣು ತೆಗೆಯುವುದು ಇವುಗಳಿಂದಾದ ಕುಸಿತಕ್ಕೆ ಪರಿಹಾರವಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರುಗಳಲ್ಲಿ ಗುಡ್ಡ ಜರಿಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಗಂಗಾವಳಿಗೆ ಕುಸಿಯಿತು; ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಅಳಿದವು. ರಸ್ತೆಗಾಗಿ, ಲೇಔಟಿಗಾಗಿ, ರೆಸಾರ್ಟಿಗಾಗಿ ಗುಡ್ಡದ ಬುಡ ಕಡಿದಿರುವ ಊರಿನಲ್ಲಿ ಮನೆಯ ಹಿಂದಿನ ಧರೆ ಕುಸಿದಾಗ ಸರ್ವೇಯರ್ ಕೇಳುವ ಮೊದಲ ಪ್ರಶ್ನೆ ಇದು: ಮಳೆಯಿಂದ ಬಿತ್ತೇ, ಅಗೆತದಿಂದ ಬಿತ್ತೇ? ಕಡಿದವನು ಬೇರೆ, ಕಂತು ಕಟ್ಟಿದವನು ಬೇರೆ; ಅನುಮಾನದ ಭಾರ ಬೀಳುವುದು ಕಂತು ಕಟ್ಟಿದವನ ಮೇಲೆ. ಆದ್ದರಿಂದ ನಿಮ್ಮ ಊರಿನಲ್ಲಿ ಜೆಸಿಬಿ ಗುಡ್ಡಕ್ಕೆ ಬಾಯಿ ಹಾಕಿದ ದಿನವೇ ಫೋಟೋ ತೆಗೆದು, ತಾರೀಖು ಹಾಕಿ, ಪಂಚಾಯಿತಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ವಿಮೆಗೂ ಚಳವಳಿಗೂ ಒಂದೇ ಕಾಗದ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ತೊಡಕು ಕಚ್ಚಾ ಮನೆ ಎಂಬ ಪದದ್ದು. ಮಣ್ಣಿನ ಗೋಡೆಯೆಂದರೆ ಕಚ್ಚಾ ಎಂದು ಏಜೆಂಟರು ಹೇಳಿಬಿಡುತ್ತಾರೆ. ಪಾಲಿಸಿಯ ವ್ಯಾಖ್ಯೆಯಲ್ಲಿ ಕಚ್ಚಾ ಎಂದರೆ ಮರದ ಹಲಗೆ, ಗರಿ, ಹುಲ್ಲು, ಬಿದಿರು, ಪ್ಲಾಸ್ಟಿಕ್, ಟಾರ್ಪಾಲು ಮೊದಲಾದವುಗಳ ಗೋಡೆ ಅಥವಾ ಮಾಡು ಉಳ್ಳದ್ದು. ನಿಮ್ಮ ಸೋಗೆಯ ಕೊಟ್ಟಿಗೆ, ತಟ್ಟಿಯ ಬಿಡಾರ ಅದರಲ್ಲಿ ಬರುತ್ತವೆ. ಮಣ್ಣು ಆ ಪಟ್ಟಿಯಲ್ಲಿ ಹೆಸರಿಸಿಲ್ಲ. ಆದ್ದರಿಂದ ಬಾಯಿಮಾತಿಗೆ ಹಿಂದಿರುಗಬೇಡಿ, ಮನೆಯ ಗೋಡೆ ಯಾವುದರದು, ಮಾಡು ಯಾವುದರದು ಎಂದು ಸ್ಪಷ್ಟವಾಗಿ ಬರೆದು ಕೊಟ್ಟು, ಕಂಪನಿಯ ಉತ್ತರವನ್ನೂ ಬರಹದಲ್ಲಿಯೇ ಕೇಳಿ.

ದಾಖಲೆಯ ಕಷ್ಟ ಎರಡೂ ಸೀಮೆಗಳಿಗೆ ಸಮಾನ. ನಮ್ಮಲ್ಲಿ ಗಾಂವಠಾಣದ ಮನೆ ಅಜ್ಜನ ಹೆಸರಿನಲ್ಲಿದ್ದು ನಾಲ್ವರು ಮೊಮ್ಮಕ್ಕಳು ಗೋಡೆ ಹಾಕಿಕೊಂಡು ಬದುಕುತ್ತಿರುತ್ತಾರೆ. ನಿಮ್ಮಲ್ಲಿ ಅರಣ್ಯದ ಅಂಚಿನ ಮನೆ, 94ಸಿ ಅರ್ಜಿ ಹಾಕಿ ಕಾದಿರುವ ಮನೆ. ಯಾರದೋ ಮನೆಗೆ ಯಾರೋ ವಿಮೆ ಇಳಿಸಲಾಗದು. ಆ ಮನೆ ಹಾಳಾದರೆ ನಷ್ಟ ನನ್ನದು ಎಂದು ತೋರಿಸಬೇಕು. ಇ-ಸ್ವತ್ತಿನ ನಮೂನೆ 9 ಮತ್ತು 11, ಮನೆ ಕಂದಾಯದ ರಸೀದಿ, ವಿದ್ಯುತ್ ಬಿಲ್ಲು, 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಕಾರ್ಡು ಇದ್ದರೆ ಅದು, ಎಲ್ಲವನ್ನೂ ಒಂದೆಡೆ ಕೂಡಿಸಿ. ಒಂದು ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ. 2009ರಲ್ಲಿ ಎಷ್ಟೋ ಜನರ ಟ್ರಂಕಿನ ಜೊತೆಗೆ ಅವರು ಯಾರೆಂಬ ಪುರಾವೆಯೂ ಹೋಯಿತು.

ಸರ್ಕಾರದ ಪರಿಹಾರ ಇಲ್ಲವೇ ಎಂದು ಕೇಳಬಹುದು. ಇದೆ. 2009ರ ನಂತರ ಆಸರೆ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಊರುಗಳೇ ಎದ್ದವು; ಹೊಲ ದೂರವಾಯಿತೆಂದು ಅಲ್ಲಿಗೆ ಹೋಗದೆ ಉಳಿದವರೂ ಇದ್ದಾರೆ. 2019ರ ಆಗಸ್ಟಿನಲ್ಲಿ ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿಗೆ ಲಿಂಗಸುಗೂರಿನ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಊರುಗಳು ಕಡಿದುಹೋದವು. ಆ ವರ್ಷ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅಲ್ಪ ಹಾನಿಗೆ 50 ಸಾವಿರ ಎಂದು ಘೋಷಿಸಿತು. ಇದು ದೊಡ್ಡ ಮೊತ್ತವೇ. ಆದರೆ ಎ, ಬಿ, ಸಿ ಎಂಬ ಮೂರು ಅಕ್ಷರಗಳು ಊರೂರಿನಲ್ಲಿ ತಂದ ಜಗಳವನ್ನು ಕಂಡವನು ನಾನು. ಮೇಲಾಗಿ ಆ ಮೊತ್ತ ಆ ವರ್ಷದ ತೀರ್ಮಾನ, ಮುಂದಿನ ನೆರೆಗೆ ಅದೇ ಇರಬೇಕೆಂದಿಲ್ಲ. ಪರಿಹಾರವನ್ನು ಸರ್ಕಾರ ಹಂಚುತ್ತದೆ. ಪಾಲಿಸಿಯ ಹಣವನ್ನು ನೀವು ಒಪ್ಪಂದದ ಬಲದಿಂದ ಕೇಳುತ್ತೀರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಇದನ್ನು ಹೇಳುವಾಗಲೇ, ಬಡವರ ಮನೆಗೆ ಕಂತು ಕಟ್ಟುವ ಹೊಣೆಯನ್ನು ಸರ್ಕಾರವೇ ಹೊರಬಾರದೇಕೆ ಎಂಬ ಪ್ರಶ್ನೆಯನ್ನೂ ಇಡುತ್ತೇನೆ. ಬೆಳೆಗೆ ಕಟ್ಟುತ್ತದಲ್ಲ! ಗುಜರಾತಿನ ಸೇವಾ ಸಂಸ್ಥೆಯ ಹೆಣ್ಣುಮಕ್ಕಳು ತಮ್ಮ ವಿಮಾ ಯೋಜನೆಯಲ್ಲಿ ಮನೆಯನ್ನೂ ಸೇರಿಸಿಕೊಂಡಿದ್ದರಿಂದ 2001ರ ಭೂಕಂಪದ ನಂತರ ಅವರಿಗೆ ಅದು ಕೈಹಿಡಿಯಿತು. ನಾಗಾಲ್ಯಾಂಡ್ ಸರ್ಕಾರ 2024ರಲ್ಲಿ ರಾಜ್ಯಕ್ಕೇ ವಿಪತ್ತಿನ ವಿಮೆ ಮಾಡಿಸಿತು.

ಅನಾಹುತವಾದ ದಿನ ಏನು ಮಾಡಬೇಕೆಂದು ಹೇಳಿ ಮುಗಿಸುತ್ತೇನೆ. ಮೊದಲು ಜೀವ. ಅನಂತರ ಅದೇ ದಿನ ಕಂಪನಿಗೆ ತಿಳಿಸಿ. ಫೋನಿನಲ್ಲಿ ಹೇಳಿದ್ದನ್ನು ಬರಹದಲ್ಲಿಯೂ ಕಳುಹಿಸಿ. ಗ್ರಾಮ ಆಡಳಿತಾಧಿಕಾರಿಯಿಂದ ಪಂಚನಾಮೆ ಮಾಡಿಸಿ. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ ಬೇಕು. ಸರ್ವೇಯರ್ ಬರುವವರೆಗೆ ಬಿದ್ದ ಮಣ್ಣು, ಮುರಿದ ತೊಲೆ ತೆಗೆಯಬೇಡಿ ಎನ್ನುತ್ತಾರೆ. ಆದರೆ ನಷ್ಟ ಹೆಚ್ಚಾಗದಂತೆ ನೋಡಿಕೊಳ್ಳುವುದೂ ನಿಮ್ಮ ಕರ್ತವ್ಯವೆಂದು ಅದೇ ಕಾಗದ ಹೇಳುತ್ತದೆ. ನೆನೆಯುತ್ತಿರುವ ಮನೆಗೆ ಟಾರ್ಪಾಲು ಹೊದಿಸಲೇಬೇಕಾದರೆ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದು ಆಮೇಲೆ ಹೊದಿಸಿ. ಸರ್ವೇಯರ್ ಮುಂದೆ ಮನೆಯ ಹಿರಿಯರೊಬ್ಬರೇ ಮಾತನಾಡಲಿ. ಬಿದ್ದದ್ದು ಹಳೆಯ ಗೋಡೆ, ಮೊದಲೇ ಬಿರುಕಿತ್ತು ಎಂದು ನೆರೆಯವರು ಕನಿಕರದಿಂದ ಆಡಿದ ಮಾತೂ ವರದಿಗೆ ಹೋಗುತ್ತದೆ. ಸುಳ್ಳು ಹೇಳಿ ಎಂದಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿ ಎಂದು.

ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಸಮಾಧಾನವಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ ಅರ್ಜಿ ಹಾಕಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲಿಯೇ ಬರೆಯಿರಿ, ಆದರೆ ಒಂದು ವರ್ಷದೊಳಗೆ ಬರೆಯಿರಿ. ಪ್ರಾಧಿಕಾರದ ದೂರವಾಣಿ 155255. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಬ್ಯಾಂಕಿನ ಸಾಲದಿಂದ ಮನೆ ಕಟ್ಟಿದವರು ಈ ವಾರವೇ ನಿಮ್ಮ ಕಡತದ ಪಾಲಿಸಿ ಪ್ರತಿ ಕೇಳಿ ಪಡೆಯಿರಿ. ಅದು ಜೀವಕ್ಕೆ ಇಳಿಸಿದ್ದೋ ಗೋಡೆಗೆ ಇಳಿಸಿದ್ದೋ ನೋಡಿ. ಗೋಡೆಗೆ ಇಳಿಸಿದ್ದಾದರೆ ಮೊತ್ತ ಸಾಲದಷ್ಟೋ, ಮನೆ ಕಟ್ಟುವ ವೆಚ್ಚದಷ್ಟೋ, ಅವಧಿ ಮುಗಿದಿದೆಯೋ ನೋಡಿ.

ಒಬ್ಬ ವಿದ್ಯಾರ್ಥಿನಿ ಬೆಳಿಗ್ಗೆ ಕೇಳಿದಳು, ಗುಡ್ಡವೇ ಜರಿಯುವ ಕಾಲ ಬಂದರೆ ಕಂಪನಿಗಳು ವಿಮೆ ಕೊಡುತ್ತವೆಯೇ ಸಾರ್ ಎಂದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಹೆಚ್ಚಿದ ಮೇಲೆ ಅಲ್ಲಿಯ ಅತಿ ದೊಡ್ಡ ಮನೆವಿಮಾ ಕಂಪನಿ 2023ರ ಮೇ ತಿಂಗಳಲ್ಲಿ ಹೊಸ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಅಪಾಯವೊಂದಕ್ಕೆ ಬೆಲೆ ಕಟ್ಟಲಾಗದೆಂದು ಕಂಡ ದಿನ ವ್ಯಾಪಾರಿ ಅಂಗಡಿ ಮುಚ್ಚುತ್ತಾನೆ. 2011ರ ಗಾಡ್ಗೀಳ್ ವರದಿಯನ್ನು ಒಪ್ಪಲು ಹಿಂಜರಿದವರು ಮುಂದೊಂದು ದಿನ ವಿಮಾ ಕಂಪನಿಯ ನಕಾಶೆಯಲ್ಲಿ ತಮ್ಮೂರಿನ ಮೇಲೆ ಎಳೆದ ಕೆಂಪು ಗೆರೆಯನ್ನು ಒಪ್ಪಬೇಕಾದೀತು. ಅದಕ್ಕೆ ಗ್ರಾಮಸಭೆಯ ಮೇಲ್ಮನವಿ ಇರುವುದಿಲ್ಲ.

ಗೃಹ ರಕ್ಷಾ ಪಾಲಿಸಿಯ ಷರತ್ತುಗಳ ಕೆಲವು ಪ್ರತಿಗಳನ್ನು ತಂದಿದ್ದೇನೆ. ಊಟವಾದ ಮೇಲೆ ನಾಲ್ಕು ನಾಲ್ಕು ಜನ ಕುಳಿತು ಒಂದೊಂದು ಕಲಮನ್ನು ಓದೋಣ. ಮನೆಯಲ್ಲಿ ಪಾಲಿಸಿ ಇದ್ದು ಜೊತೆಗೆ ತಂದಿರುವವರು ಈಚೆ ಬದಿಗೆ ಬನ್ನಿ. ಅದಕ್ಕೆ ಮುಂಚೆ ಪ್ರಶ್ನೆಗಳಿದ್ದರೆ ಕೇಳಿ.